ಬೋರಲು ಹಾಕಿದ ಹರಿಗೋಲು

ಮೊನ್ನೆ ನಲ್ಲಿಯಲ್ಲಿ ಕೆಂಪು ನೀರು ಬಂತು. ಹೊಳೆಗೆ ಹೊಸ ನೀರು ಬಂದಿರಬೇಕೆಂದು ಸೊಸೆ ಗೊಣಗಿದಳು. ನಾನು ಬೊಗಸೆಯಲ್ಲಿ ಹಿಡಿದು ಮೂಸಿದೆ. ಕೊಳೆತ ಎಲೆ, ಕಾಡಿನ ಮಣ್ಣು... ಹರಿಗೋಲಿನ ಅಜ್ಜ ಬಂದು ಪಕ್ಕದಲ್ಲೇ ನಿಂತ ಹಾಗಾಯಿತು.

ಹೊನ್ನಾಳಿಯಿಂದ ಎರಡು ಮೈಲಿ ಕೆಳಗೆ, ತುಂಗಭದ್ರೆಯ ದಡದಲ್ಲಿ ನನ್ನ ಗಂಡನ ಊರು. ಸೀಮೆಎಣ್ಣೆಗೂ ಪರದಾಡುತ್ತಿದ್ದ ಯುದ್ಧದ ಕಾಲ. ನಮ್ಮಲ್ಲಿ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ಘಟ್ಟದಲ್ಲಿ ಸುರಿದದ್ದೆಲ್ಲ ನಮ್ಮ ಬಾಗಿಲಿಗೇ ಬರಬೇಕು. ಹೊಳೆ ದಾಟಿಸುವ ಅಜ್ಜ ದಿನಾ ಬೆಳಿಗ್ಗೆ ನೀರನ್ನು ಬೊಗಸೆಯಲ್ಲಿ ಹಿಡಿದು ಮೂಸುತ್ತಿದ್ದ. ಘಟ್ಟದ ವಾಸನೆ ಬಂದರೆ ಹರಿಗೋಲನ್ನು ದಡದ ಮೇಲೆ ಬೋರಲು ಹಾಕುತ್ತಿದ್ದ. ಆಮೇಲೆ ಯಾರೂ ನೀರಿಗಿಳಿಯಬಾರದು, ಎಮ್ಮೆಯನ್ನೂ ಇಳಿಸಬಾರದು. ಶಾನುಭೋಗರ ಮಾತಿಗೆ ಕ್ಯಾರೇ ಅನ್ನದವರೂ ಅದನ್ನು ಮೀರುತ್ತಿರಲಿಲ್ಲ.

ನನ್ನ ಮದುವೆಯಾದ ಮೊದಲ ವರ್ಷ. ಆಚೆ ದಡದ ತವರಿನಲ್ಲಿ ಅವ್ವನಿಗೆ ಜ್ವರ ಏರಿ ಮೈಮೇಲೆ ಎಚ್ಚರವಿಲ್ಲವೆಂದು ಹಿಂದಿನ ಸಂಜೆ ಸುದ್ದಿ ಬಂದಿತ್ತು. ಬೆಳಿಗ್ಗೆ ಎದ್ದವಳೇ ದಡಕ್ಕೆ ಓಡಿದರೆ ಹರಿಗೋಲು ಬೋರಲು. ಅಲ್ಲಿ ನಾವಿಬ್ಬರೇ.

"ಬಿಸಿಲು ಹಿಂಗೈತಲ್ಲ ಅಜ್ಜಾ," ಎಂದೆ.

"ಬಿಸಿಲು ಇಲ್ಲೈತೆ ತಾಯಿ. ಆಗುಂಬೆ ಕಡೆ ಒಂದೇ ಸಮ ಹೊಯ್ದೈತೆ. ಆ ನೀರು ದಾರಿಯಾಗೈತೆ. ಹೆಂಗೆ ದಾಟಿಸಾಕಾಗ್ತೈತೆ?"

ಅತ್ತು ಕರೆದು ಅಜ್ಜನ ಕಾಲು ಹಿಡಿದೆ. ಆಮೇಲೆ... ಆಡಬಾರದ ಮಾತು ಆಡಿದೆ. "ನಿಮ್ಮ ಮಗಳು ಹಿಂಗೆ ಅತ್ತಿದ್ರೆ ಸುಮ್ನೆ ಕುಂತಿರ್ತಿದ್ರಾ?" ಅವನ ಒಬ್ಬಳೇ ಮಗಳು ಪ್ಲೇಗಿನಲ್ಲಿ ಹೋಗಿದ್ದಳು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ಅಜ್ಜ ಎದ್ದು ಹರಿಗೋಲನ್ನು ಮಗುಚಿ ನೀರಿಗೆಳೆದ. ನಾವು ಆಚೆ ದಡ ಮುಟ್ಟುವಾಗ ನಡುಹೊಳೆಯಲ್ಲಿ ಕಸಕಡ್ಡಿ ತೇಲಿ ಬರತೊಡಗಿತ್ತು. ಇಲ್ಲೇ ಉಳಿಯಿರಿ ಎಂದೆ.

"ಆ ದಂಡೀಲಿ ಹರಿಗೋಲು ಬೋರಲು ಕಾಣ್ಲಿಲ್ಲ ಅಂದ್ರೆ, ಹೊಳೆ ಸಸೂತ್ರ ಐತೆ ಅಂತ ಜನ ಇಳೀತಾರೆ. ನಾ ಹೋಗ್ಬೇಕು. ನೀ ನಡಿ, ನಿಮ್ಮವ್ವ ಕಾಯ್ತಿರ್ತಾಳೆ."

ನಾನು ಓಡಿದೆ. ತಿರುಗಿಯೂ ನೋಡಲಿಲ್ಲ.

ಮನೆಯಲ್ಲಿ ಅವ್ವ ಎದ್ದು ಕುಳಿತು ಗಂಜಿ ಕುಡಿಯುತ್ತಿದ್ದಳು. ಜ್ವರ ಬಿಟ್ಟಿತ್ತಂತೆ. ಅವಳನ್ನು ತಬ್ಬಿಕೊಂಡು ಅಳುತ್ತಿದ್ದಾಗಲೇ ಹೊಳೆಯ ಸದ್ದು ಬದಲಾಯಿತು...

ನೆರೆ ಇಳಿಯಲು ಆರು ದಿನ ಬೇಕಾಯಿತು. ಕೆಳಗಿನ ಊರಿನ ಜಾಲಿಮರಕ್ಕೆ ಹರಿಗೋಲು ಸಿಕ್ಕಿಕೊಂಡಿತ್ತು, ಬೋರಲಾಗಿ. ಅಜ್ಜ ಸಿಗಲಿಲ್ಲ. ವಯಸ್ಸಾಗಿತ್ತು, ಮೂಗು ಕೆಟ್ಟಿತ್ತು, ನೀರಿನ ವಾಸನೆ ತಿಳಿಯದೆ ದೋಣಿ ಬಿಟ್ಟ ಎಂದರು ಊರವರು. ಪಾಪ, ಆ ಹುಡುಗಿ ಹೇಗೋ ಬದುಕಿಕೊಂಡಳು ಎಂದರು. ನಾನು ಎಲ್ಲ ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡೇ ಇದ್ದೆ. ಮಳೆಗಾಲ ಬಂದಾಗಲೆಲ್ಲ ಹೊಳೆಯ ಕಡೆ ಮುಖ ಮಾಡಿ ಮಲಗಲು ಈಗಲೂ ನನಗೆ ಆಗುವುದಿಲ್ಲ.

ಮೊನ್ನೆ ನಲ್ಲಿ ನಿಲ್ಲಿಸಿ ಕೊಡವನ್ನು ಬೋರಲು ಹಾಕಿದೆ. ಯಾಕತ್ತೆ ಎಂದಳು ಸೊಸೆ.

"ಅಜ್ಜನ ಮೂಗು ಕೆಟ್ಟಿರ್ಲಿಲ್ಲವ್ವಾ," ಎಂದೆ. "ಅವಗೆ ಎಲ್ಲಾ ಗೊತ್ತಿತ್ತು. ದಾಟಿಸು ಅಂತ ಹಟ ಹಿಡಿದೋಳು ನಾನು."

ಯಾವ ಅಜ್ಜ ಎಂದು ಕೇಳಿದಳು. ಅವನನ್ನು ಬಲ್ಲವರು ಈಗ ಯಾರೂ ಉಳಿದಿಲ್ಲ.