ರಕ್ತನಾಳಕ್ಕೆ ಬಡಿಸಿದ ಊಟ

ಬನಶಂಕರಿಯ ಡ್ರೈವಿಂಗ್ ಸ್ಕೂಲೊಂದರಲ್ಲಿ ನಾನು ಹೆಂಗಸರಿಗೆ ಕಾರು ಕಲಿಸುತ್ತೇನೆ. ಅಂದು ಬೆಳಗ್ಗೆ ಪಾಠದ ನಡುವೆಯೇ ಹೊಕ್ಕುಳ ಸುತ್ತ ಯಾರೋ ಬಟ್ಟೆ ಹಿಂಡಿದಂತೆ ನೋವು ಶುರುವಾಯಿತು. ಗ್ಯಾಸ್ ಇರಬೇಕು ಅಂದುಕೊಂಡೆ. ಸಿಗ್ನಲ್ ದಾಟುವಷ್ಟರಲ್ಲಿ ಮೈಯೆಲ್ಲ ಬೆವರು.

"ಮೇಡಂ, ಏನ್ ಮಾಡ್ಲಿ?" ಸ್ಟೀರಿಂಗ್ ಹಿಡಿದಿದ್ದ ಹುಡುಗಿ ಕೇಳಿದಳು.

"ಇಂಡಿಕೇಟರ್ ಹಾಕು. ಎಡಕ್ಕೆ ನಿಲ್ಸು."

ನೀಟಾಗಿ ನಿಲ್ಲಿಸಿದಳು. ನಾನು ಬಾಗಿಲು ತೆರೆದು ವಾಂತಿ ಮಾಡಿಕೊಂಡೆ.

ನನ್ನ ಗಂಡ ರವಿ ಜರಗನಹಳ್ಳಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಗ್ರೀಸು ಮೆತ್ತಿದ ಕೈಯಲ್ಲೇ ಓಡಿ ಬಂದರು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರೂ ನೋವು ಬಗ್ಗಲಿಲ್ಲ. ಸಿಟಿ ಸ್ಕ್ಯಾನ್ ಆಯಿತು. ಕರುಳಿಗೆ ರಕ್ತ ಒಯ್ಯುವ ನಾಳದಲ್ಲಿ ಕ್ಲಾಟ್, ರಕ್ತ ಹೆಪ್ಪುಗಟ್ಟಿತ್ತು. ಸಂಜೆಯೊಳಗೆ ಆಪರೇಷನ್.

ಎಚ್ಚರವಾದಾಗ ನನ್ನ ಸಣ್ಣ ಕರುಳಿನ ಬಹುಪಾಲು ಇರಲಿಲ್ಲ. ರಕ್ತವಿಲ್ಲದೆ ಸತ್ತ ಭಾಗವನ್ನು ಕತ್ತರಿಸಿ ತೆಗೆದಿದ್ದರು.

ಸರ್ಜನ್ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. "ನೋಡಿಮ್ಮಾ, ನೀವು ಏನೇ ತಿಂದ್ರೂ ಅದನ್ನ ಹೀರ್ಕೊಳ್ಳೋಕೆ ಈಗ ಜಾಗ ಸಾಲಲ್ಲ. ಉಳಿದಿರೋ ಕರುಳು ಕೆಲ್ಸ ಕಲಿಯೋವರ್ಗೂ ಊಟಾನ ನೇರವಾಗಿ ರಕ್ತಕ್ಕೇ ಕೊಡ್ತೀವಿ." ಅದರ ಹೆಸರು ಟಿಪಿಎನ್. ಸಕ್ಕರೆ, ಪ್ರೋಟೀನ್, ಕೊಬ್ಬು, ಉಪ್ಪು, ವಿಟಮಿನ್, ಎಲ್ಲವೂ ಒಂದೇ ಬ್ಯಾಗಿನಲ್ಲಿ. ನೋಡಲು ತೆಳು ಹಾಲಿನಂತೆ ಇತ್ತು. ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಒಂದು ನಳಿಕೆ ಹಾಕಿದರು, ಆಸ್ಪತ್ರೆಯವರ ಮಾತಲ್ಲಿ ಲೈನ್. ಅದರ ತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿ ನಿಂತಿತು.

ನಾನು ತುಂಬಾ ಇಳಿದುಹೋಗಿದ್ದೆ. ಬ್ಯಾಗು ಮಾತ್ರ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. "ಸ್ವಲ್ಪ ಜಾಸ್ತಿ ಬಿಡಿ ಮೇಡಂ, ಹಿಂಗಾದ್ರೆ ಇವ್ಳಿಗೆ ಶಕ್ತಿ ಯಾವಾಗ ಬರತ್ತೆ?" ಎಂದು ರವಿ ಡಯಟಿಷಿಯನ್‌ಗೆ ದುಂಬಾಲು ಬಿದ್ದರು. ಆಕೆ ಬೇಸರಿಸದೆ ವಿವರಿಸಿದರು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಸುರಿದರೆ ರಕ್ತದ ಪೊಟ್ಯಾಷಿಯಂ, ಫಾಸ್ಫರಸ್ ದಿಢೀರನೆ ಕುಸಿಯುತ್ತವೆ, ಹೃದಯವೇ ಲಯ ತಪ್ಪಬಹುದು. ಅದಕ್ಕೇ ದಿನವೂ ರಕ್ತಪರೀಕ್ಷೆ, ಆಗಾಗ ಶುಗರ್ ಟೆಸ್ಟ್. ಆಮೇಲೆ ರವಿ ಆತುರ ಮಾಡಲಿಲ್ಲ. ನಾನೂ ಕಾಯುವುದನ್ನು ಕಲಿತೆ.

ಮನೆಗೆ ಹೋಗಬೇಕಾದರೆ ಇದನ್ನೆಲ್ಲ ನಾವೇ ಮಾಡಿಕೊಳ್ಳಬೇಕಿತ್ತು. ಕಲಿಸಿದವರು ಸಿಸ್ಟರ್ ಲಿಲ್ಲಿ. ಮೊದಲ ದಿನವೇ ರವಿಯ ಉಗುರು ನೋಡಿ, "ಸಾರ್, ಮೊದ್ಲು ಇದನ್ನ ಕತ್ತರಿಸ್ಕೊಂಡು ಬನ್ನಿ" ಎಂದು ವಾಪಸು ಕಳಿಸಿದರು. ಸೋಪಿನಲ್ಲಿ ಕೈ ತಿಕ್ಕುವುದು, ಫ್ಯಾನ್ ಆರಿಸಿ ಕೂರುವುದು, ನಳಿಕೆಯ ಮೂತಿಯನ್ನು ಸ್ಪಿರಿಟ್ಟಿನಿಂದ ಉಜ್ಜಿ ಪೂರ್ತಿ ಒಣಗಲು ಬಿಡುವುದು. ಒರೆಸಿದ ಜಾಗಕ್ಕೆ ಬೆರಳು ತಗುಲಿದರೆ ಮತ್ತೆ ಮೊದಲಿನಿಂದ. ತಾಮ್ರದ ತಂತಿಯ ಎಳೆ ಎಣಿಸಿ ಸುತ್ತುವ ಕೈ ಅದು, ಬೇಗ ಪಳಗಿತು. ನಾನೂ ಕಲಿತೆ. ನನ್ನ ಮೈಯ ಬಾಗಿಲನ್ನು ತೆರೆದು ಮುಚ್ಚುವುದು ನನಗೆ ಗೊತ್ತಿರಬೇಡವೇ?

ಮನೆಯಲ್ಲಿ ಫ್ರಿಜ್ಜಿನ ಒಂದು ಇಡೀ ಶೆಲ್ಫ್ ಬ್ಯಾಗುಗಳ ಪಾಲಾಯಿತು. ಸಾಕಷ್ಟು ಮುಂಚೆಯೇ ಹೊರಗಿಟ್ಟು ತಣುಪು ಹೋಗಲು ಬಿಡುತ್ತಿದ್ದೆವು. ಹೆಸರು ನನ್ನದೇನಾ, ಅವಧಿ ಮುಗಿದಿದೆಯಾ ಎಂದು ನೋಡುತ್ತಿದ್ದೆವು. ಒಂದು ಸಲ ಬ್ಯಾಗಿನ ಮೇಲ್ಗಡೆ ಎಣ್ಣೆಯ ಹಳದಿ ಪಟ್ಟಿ ಕಾಣಿಸಿತು.

"ಮಜ್ಜಿಗೆ ಥರ ಒಂಚೂರು ಅಲ್ಲಾಡ್ಸಿದ್ರೆ ಬೆರ್ತ್ಕೊಳಲ್ವೇನವ್ವಾ?" ಅಂದರು ನಮ್ಮ ಜೊತೆಗೇ ಇರುವ ಅತ್ತೆ.

"ಇಲ್ಲ ಅತ್ತೆ. ಒಡೆದೋಗಿದೆ. ಇದು ರಕ್ತಕ್ಕೆ ಹೋಗ್ಬಾರ್ದು."

ಫೋಟೋ ತೆಗೆದು ಫಾರ್ಮಸಿಗೆ ಕಳಿಸಿದೆ. ಬೇರೆ ಬ್ಯಾಗು ಬಂತು.

ಎಲ್ಲ ಹದಕ್ಕೆ ಬಂತು ಅನ್ನುವಾಗಲೇ ಆ ಸಂಜೆ ಬಂತು. ಬ್ಯಾಗಿನ ದ್ರವ ಹರಿಸುವ ಪಂಪ್ ಶುರು ಮಾಡಿ ಸ್ವಲ್ಪ ಹೊತ್ತಿಗೆಲ್ಲ ಚಳಿ. ಹೊದ್ದರೂ ಹಲ್ಲು ಕಟಕಟ. ಸುಡುವ ಜ್ವರ.

"ಮೊನ್ನೆ ಮಳೇಲಿ ನೆಂದಿದ್ದಲ್ಲಾ, ಅದಕ್ಕೇ. ಒಂದು ಮಾತ್ರೆ ನುಂಗಿ ಮಲಕ್ಕೋ" ಅಂದರು ಅತ್ತೆ, ನನ್ನ ಪಾದ ತಿಕ್ಕುತ್ತಾ.

ಇದು ಮಳೆಯ ಜ್ವರವಲ್ಲ. ಪಂಪ್ ಶುರುವಾದೊಡನೆ ಚಳಿ ಬಂದರೆ ನಳಿಕೆಗೆ ಸೋಂಕು ತಗುಲಿರಬಹುದೆಂದು ಸಿಸ್ಟರ್ ಲಿಲ್ಲಿ ಮೊದಲೇ ಎಚ್ಚರಿಸಿದ್ದರು.

"ರೀ, ಪಂಪ್ ನಿಲ್ಸಿ. ಕ್ಲಾಂಪ್ ಹಾಕಿ ನಳಿಕೆ ಮುಚ್ಚಿ. ಬ್ಯಾಗು ಜೊತೆಗೇ ತಗೊಳ್ಳಿ. ಹೊರಡೋಣ."

ರವಿ ಕೂಡಲೇ ಕೈ ತೊಳೆಯಲು ಹೋದರು. ಕಾರಿನಲ್ಲೇ ಆಸ್ಪತ್ರೆಗೆ ಫೋನ್ ಮಾಡಿದೆವು. ಕ್ಯಾಷುಯಲ್ಟಿಯಲ್ಲಿ ಯುವ ಡಾಕ್ಟರೊಬ್ಬರು ಕೈಯಲ್ಲಿ ನರ ಸಿಗದೆ ಎದೆಯ ಲೈನಿನತ್ತ ನೋಡಿದರು. "ಡಾಕ್ಟ್ರೇ, ಅದರಿಂದ ಏನೂ ಕೊಡ್ಬೇಡಿ. ಇನ್ಫೆಕ್ಷನ್ ಅದರಲ್ಲೇ ಇರ್ಬೋದು. ರೋಗಾಣು ಇದೆಯಾ ನೋಡೋಕೆ ಮೊದ್ಲು ರಕ್ತ ಕಲ್ಚರ್‌ಗೆ ತಗೋಬೇಕು ಅಂತ ನಮ್ಮ ಟಿಪಿಎನ್ ಟೀಮ್ ಹೇಳಿದಾರೆ" ಎಂದೆ. ನಡುಗುತ್ತಲೇ ಹೇಳಿದರೂ ಮಾತು ತಡವರಿಸಲಿಲ್ಲ. ಅವರು ತಲೆಯಾಡಿಸಿ, "ಸರಿ ಅಮ್ಮ, ಹಾಗೇ ಮಾಡೋಣ" ಎಂದು ಸಿಸ್ಟರನ್ನು ಕರೆದರು. ಲೈನಿನಿಂದಲೂ ತೋಳಿನಿಂದಲೂ ರಕ್ತ ತೆಗೆದು, ತಡಮಾಡದೆ ಆಂಟಿಬಯಾಟಿಕ್ ಶುರು ಮಾಡಿದರು.

ರೋಗಾಣು ನಳಿಕೆಯಲ್ಲೇ ಇತ್ತು. ಲೈನ್ ತೆಗೆಯಬೇಕಾಯಿತು.

ಬೇಗ ಬಂದಿದ್ದರಿಂದ ಬಚಾವಾದಿರಿ, ಅಂದರು ಸರ್ಜನ್. ರವಿಗೆ ಮಾತ್ರ ಸಮಾಧಾನವಿಲ್ಲ. ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿರುತ್ತಿದ್ದರು. ಹೊಸ ಲೈನ್ ಹಾಕಿದ ಮೇಲೆ ಸಿಸ್ಟರ್ ಲಿಲ್ಲಿ ಅವರಿಂದ ಎಲ್ಲವನ್ನೂ ಮತ್ತೆ ಮಾಡಿಸಿ, ಕಣ್ಣು ಮಿಟುಕಿಸದೆ ನೋಡಿದರು. "ನೀವು ಚೆನ್ನಾಗೇ ಮಾಡ್ತಿದೀರ ಸಾರ್. ಎಷ್ಟು ಹುಷಾರಾಗಿದ್ರೂ ಒಂದೊಂದ್ಸಲ ಆಗತ್ತೆ. ಹುಷಾರಾಗಿರೋದು ಬಿಡ್ಬೇಡಿ, ಅಷ್ಟೇ." ಎಲ್ಲಿ ತಪ್ಪಿತೆಂದು ಕಡೆಗೂ ತಿಳಿಯಲಿಲ್ಲ. ತಿಳಿಯದಿರುವುದರ ಜೊತೆ ಬದುಕುವುದನ್ನೂ ಈ ಕಾಯಿಲೆ ಕಲಿಸಿತು. ಹೆದರಿ ಕೂತರೆ ಕೈ ನಡುಗುತ್ತದೆ, ನಡುಗುವ ಕೈ ಈ ಕೆಲಸಕ್ಕೆ ಆಗುವುದಿಲ್ಲ.

ಈಗ ಉಳಿದ ಕರುಳು ನಿಧಾನವಾಗಿ ಕೆಲಸಕ್ಕೆ ಒಗ್ಗುತ್ತಿದೆ. ವಾರದಲ್ಲಿ ಕೆಲವು ದಿನ ಬ್ಯಾಗು ಬೇಡ. ಬೆಳಗ್ಗೆ ಒಂದು ಇಡ್ಲಿಯನ್ನು ಚೂರು ಚೂರಾಗಿ, ಅಗಿದು ಅಗಿದು ತಿನ್ನುತ್ತೇನೆ. ಅತ್ತೆ ಎದುರಿಗೆ ಕೂತು ನಾನು ನುಂಗುವುದನ್ನೇ ನೋಡುತ್ತಾರೆ. ಡ್ಯೂಟಿಗೂ ಹೋಗುತ್ತಿದ್ದೇನೆ. ಬ್ಯಾಗು ಪೂರ್ತಿ ಬಿಡುತ್ತದೋ ಇಲ್ಲವೋ, ಡಾಕ್ಟರೂ ಖಚಿತವಾಗಿ ಹೇಳುತ್ತಿಲ್ಲ.

ಮೊನ್ನೆ ಚೆಕಪ್ಪಿಗೆ ಹೋದಾಗ ಸಿಸ್ಟರ್ ಲಿಲ್ಲಿ ನನ್ನನ್ನು ವಾರ್ಡಿಗೆ ಕರೆದೊಯ್ದರು. ಶ್ರೀನಗರದ ಹೆಂಗಸೊಬ್ಬರು, ನನ್ನದೇ ವಯಸ್ಸು, ಎದೆಯ ಮೇಲೆ ಹೊಸ ನಳಿಕೆ. ಬಿಳಿ ಬ್ಯಾಗನ್ನು ನೋಡುತ್ತಾ ಮಲಗಿದ್ದರು.

"ಅಕ್ಕಾ, ಇದನ್ನ ಇಟ್ಕೊಂಡು ಮನೇಲಿ ಇರಕ್ಕಾಗತ್ತಾ?"

ನಾನು ಮೂಲೆಯ ಸಿಂಕಿಗೆ ಹೋಗಿ ಕೈ ತೊಳೆದೆ. ಬೆರಳ ಸಂದು, ಉಗುರ ತುದಿ, ಮಣಿಕಟ್ಟು. ಆಕೆ ತಲೆಯೆತ್ತಿ ನೋಡುತ್ತಿದ್ದರು.

"ಆಗತ್ತೆ" ಅಂದೆ. "ಶುರು ಇಲ್ಲಿಂದ. ನೋಡ್ಕೊಳ್ಳಿ."