ಅಟ್ಟದ ಗೂಬೆಗಳು ಮತ್ತು ಗಿರಿಜತ್ತೆ

ಅರಸೀಕೆರೆಯ ಮಾರುಕಟ್ಟೆಯ ದಾರಿಯಲ್ಲಿ ಕೊಬ್ಬರಿ ಮೂಟೆಗಳನ್ನು ಬಿಚ್ಚಿ ಸುರಿಯುವಾಗ ಏಳುವ ಆ ಸಿಹಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಬಾಣಾವರದ ಹತ್ತಿರ ಇದ್ದ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಕೆಂಪು ಹೆಂಚಿನ ಉದ್ದನೆಯ ಮನೆ, ಅದರ ಉದ್ದಕ್ಕೂ ಅಟ್ಟ. ಸಿಪ್ಪೆ ಸಮೇತ ಅಟ್ಟ ಸೇರಿದ ತೆಂಗಿನಕಾಯಿ ಒಳಗೊಳಗೇ ನೀರು ಇಂಗಿಸಿಕೊಂಡು ಕೊಬ್ಬರಿ ಗಿಟುಕಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತಿತ್ತು. ಕೆಳಗಿನ ಒಲೆಯ ಹೊಗೆ ಅದನ್ನು ಬೆಚ್ಚಗಿಡುತ್ತಿತ್ತು. ವರ್ಷದ ಬದುಕೆಲ್ಲ ತಲೆಯ ಮೇಲೆ ಒಣಗುತ್ತಿರುವಾಗ ಅದರ ಕೆಳಗೆ ಉಂಡು ಮಲಗಿ ಬೆಳೆದವರು ನಾವು. ಅಂಥ ಮನೆಯಲ್ಲಿ ಬೆಳೆದಿದ್ದರೆ ನಿಮಗೂ ಗೊತ್ತಿರುತ್ತದೆ, ಅಲ್ಲಿ ಮನುಷ್ಯರಷ್ಟೇ ವಾಸವಿರುವುದಿಲ್ಲ. ನಮ್ಮ ಅಟ್ಟದ ಗೋಡೆಯ ಗವಾಕ್ಷಿಯಲ್ಲಿ ಒಂದು ಜೋಡಿ ಬಿಳಿ ಮುಖದ ಗೂಬೆಗಳಿದ್ದವು. ದೀಪ ಹಚ್ಚುವ ಹೊತ್ತಿಗೆ ಅವು ಸದ್ದಿಲ್ಲದೆ ಹಾರಿ ತೋಟದ ಕಡೆಗೆ ಹೋಗುತ್ತಿದ್ದವು. ಅಪ್ಪನ ತಂಗಿ ಗಿರಿಜತ್ತೆ ಅಂಗಳದಲ್ಲಿ ನಿಂತು ಅವನ್ನು ನೋಡದೆ ಒಳಗೆ ಬರುತ್ತಿರಲಿಲ್ಲ.

ಅತ್ತೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಮನೆಯ ಯಜಮಾನಿಕೆ ದೊಡ್ಡಪ್ಪನದು. ಅತ್ತೆ ಬಂದ ವರ್ಷವೇ ದೊಡ್ಡಪ್ಪನ ಎತ್ತು ಸತ್ತಿತು, ಬೋರ್‌ವೆಲ್ ಕೈಕೊಟ್ಟಿತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ದೊಡ್ಡಪ್ಪ ತಟ್ಟೆಯಿಂದ ತಲೆ ಎತ್ತದೆ, "ಗೂಬೆ ಹೊಕ್ಕ ಮನೆ ಉದ್ಧಾರ ಆಗಾಕಿಲ್ಲ. ನಮ್ಮನೇಲಿ ಅಟ್ಟದ ಮೇಲೂ ಅದೆ, ಕೆಳಗೂ ಅದೆ" ಅಂದರು. ಸಾರು ಬಡಿಸುತ್ತಿದ್ದ ಅತ್ತೆ, ಆ ಮಾತು ತಮಗೇ ಎಂದು ತಿಳಿದೂ, ಅವರ ತಟ್ಟೆಗೆ ಇನ್ನೊಂದು ಸೌಟು ಹಾಕಿದರು. ಅಪ್ಪ ಅಣ್ಣನಿಗೆ ಎದುರು ಆಡಿದವರಲ್ಲ, ಅವತ್ತೂ ಆಡಲಿಲ್ಲ.

ಆಗ ನಾನು ಏಳನೇ ಕ್ಲಾಸು. ವಿಜ್ಞಾನದ ಮೇಷ್ಟ್ರು ಆಹಾರ ಸರಪಳಿಯ ಪಾಠ ಮಾಡುತ್ತಿದ್ದರು. ಗವಾಕ್ಷಿಯ ಕೆಳಗೆ ಬಿದ್ದಿರುತ್ತಿದ್ದ, ಗೂಬೆ ಕಕ್ಕಿದ ಕಪ್ಪು ಉಂಡೆಯೊಂದನ್ನು ಅತ್ತೆ ನನ್ನ ಕೈಲಿ ಕಳಿಸಿದರು. ಮೇಷ್ಟ್ರು ಅದನ್ನು ನೀರಲ್ಲಿ ನೆನೆಸಿ, ಕಡ್ಡಿಯಿಂದ ಬಿಡಿಸಿದಾಗ ಇಲಿಗಳ ಕೂದಲು, ಹಲ್ಲಿನ ಸಮೇತ ಪುಟ್ಟ ಪುಟ್ಟ ತಲೆಬುರುಡೆಗಳು ಸಿಕ್ಕವು. ತೆಂಗು ಉತ್ಪಾದಕ, ಅದನ್ನು ತಿನ್ನುವ ಇಲಿ ಭಕ್ಷಕ, ಇಲಿಯನ್ನು ತಿನ್ನುವ ಗೂಬೆ ಅದಕ್ಕೂ ಮೇಲಿನ ಭಕ್ಷಕ, ಸತ್ತದ್ದನ್ನೆಲ್ಲ ಮಣ್ಣಿಗೆ ಸೇರಿಸುವ ಸೂಕ್ಷ್ಮಜೀವಿಗಳು ವಿಘಟಕಗಳು ಎಂದು ಅವರು ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಿದರು. ಒಂದು ಕೊಂಡಿ ಕಳಚಿದರೆ ಏನಾಗುತ್ತದೆ ಎಂದು ಕೇಳಿದರು. ಅದರ ಉತ್ತರ ನನಗೆ ಕಲಿಸಿದ್ದು ದೊಡ್ಡಪ್ಪ.

ಆ ವಾರವೇ ಅವರು ಏಣಿ ಹಾಕಿ, ಹಸಿ ಸೊಪ್ಪಿನ ಹೊಗೆ ಎಬ್ಬಿಸಿ ಗೂಬೆಗಳನ್ನು ಓಡಿಸಿದರು. ರೆಕ್ಕೆ ಬಲಿಯದ ಮರಿಗಳನ್ನು ಕೋಲಿನಿಂದ ಕೆಳಕ್ಕೆ ತಳ್ಳಿ, ಗವಾಕ್ಷಿಗೆ ಇಟ್ಟಿಗೆ ಕಟ್ಟಿಸಿದರು. ಅತ್ತೆ ಆ ಮರಿಗಳನ್ನು ಸೆರಗಲ್ಲಿ ಎತ್ತಿಕೊಂಡು ಹೋಗಿ ತೆಂಗಿನ ಬುಡದಲ್ಲಿ ಹೂತರು. ಅಳಲಿಲ್ಲ. ಕೈ ತೊಳೆದುಕೊಂಡು ಬಂದು ನನಗೆ ಮಾತ್ರ ಕೇಳುವಂತೆ ಹೇಳಿದರು, "ನಾನೇನೂ ಮಾಡಾಕಿಲ್ಲ ಕಣವ್ವ. ಸುಮ್ಕೆ ನೋಡ್ತೀನಿ."

ಅತ್ತೆ ಮಾಡಿದ್ದು ಒಂದೇ ಕೆಲಸ. ಸಂಜೆ ದೊಡ್ಡಪ್ಪ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಾಗ ನನ್ನನ್ನು ಅವರ ಎದುರಿಗೇ ಕೂರಿಸಿ ಆ ಪಾಠ ಓದಿಸುವುದು. ಮೇಲಿನ ಕೊಂಡಿ ಕಳಚಿದರೆ ಕೆಳಗಿನ ಜೀವಿಗಳು ಮಿತಿಮೀರಿ ಹೆಚ್ಚುತ್ತವೆ ಎಂಬ ಸಾಲು ಬಂದಾಗಲೆಲ್ಲ, "ಇನ್ನೊಂದ್ಸಲ ಓದವ್ವ, ಸರಿಯಾಗಿ ಕೇಳಿಸ್ನಿಲ್ಲ" ಎನ್ನುತ್ತಿದ್ದರು. ನಾನು ಗಂಟಲು ಹರಿಯುವಂತೆ ಓದುತ್ತಿದ್ದೆ. ಆ ಮರಿಗಳು ನೆಲಕ್ಕೆ ಬಿದ್ದ ಸದ್ದನ್ನು ನಾನೂ ಕೇಳಿದ್ದೆ. ದೊಡ್ಡಪ್ಪನ ಮುಖ ಕಪ್ಪಿಡುವುದನ್ನು ನೋಡುವುದರಲ್ಲಿ ನನಗೆ ಬೆಲ್ಲ ಮೆದ್ದಷ್ಟು ಸುಖವಿತ್ತು.

ಮಳೆಗಾಲ ಮುಗಿಯುವುದರೊಳಗೆ ಅಟ್ಟದ ಮೇಲೆ ಹಗಲಲ್ಲೂ ಓಡಾಟ ಕೇಳತೊಡಗಿತು. ಬೋನು ಇಟ್ಟರು, ಬೆಕ್ಕು ತಂದರು. ಬೆಕ್ಕು ಒಲೆಯ ಪಕ್ಕ ಮಲಗಿತು. ಕಾಯಿ ಸುಲಿಯುವ ದಿನ ಅರಸೀಕೆರೆಯ ವ್ಯಾಪಾರಿಯ ಎದುರಿಗೇ ಚಿಪ್ಪು ಒಡೆದರೆ ಒಂದಾದ ಮೇಲೊಂದು ಕಾಯಿ ಟೊಳ್ಳು. ಪಕ್ಕದಲ್ಲಿ ದುಂಡನೆಯ ತೂತು, ಒಳಗೆ ಇಲಿಯ ಹಿಕ್ಕೆ. ವ್ಯಾಪಾರಿ ಬರಿಗೈಲಿ ಎದ್ದು ಹೋದ. ದೊಡ್ಡಪ್ಪ ಆ ಸಿಪ್ಪೆಯ ರಾಶಿಯ ಪಕ್ಕ ಕೂತು, ತಲೆ ತಗ್ಗಿಸಿ, "ಗವಾಕ್ಷಿ ತೆಗೆಸಿದ್ರೆ ಆ ಗೂಬೆ ಮತ್ತೆ ಬತ್ತವಾ, ಗಿರಿಜಾ?" ಎಂದು ಕೇಳಿದರು.

ಅತ್ತೆ ಹರಡಿದ ಚಿಪ್ಪುಗಳನ್ನು ಗುಡಿಸುತ್ತಲೇ ಇದ್ದರು. "ಅವನ್ನ್ಯಾಕೆ ಕರೀತಿಯಣ್ಣ, ಕೆಳಗೊಂದು ಐತಲ್ಲ. ಅದನ್ನೇ ಅಟ್ಟ ಹತ್ತಿಸು."

ಗವಾಕ್ಷಿಯನ್ನು ತೆರೆಸಿದರೂ ಗೂಬೆಗಳು ಬರಲಿಲ್ಲ. ಮರುವರ್ಷ ಅಪ್ಪ ಅತ್ತೆಯನ್ನೂ ನಮ್ಮನ್ನೂ ಕರೆದುಕೊಂಡು ಅರಸೀಕೆರೆಗೆ ಬಂದು ಬಾಡಿಗೆ ಮನೆ ಹಿಡಿದರು. ಅತ್ತೆ ಮತ್ತೆ ಹಳೆಯ ಮನೆಯ ಹೊಸಿಲು ತುಳಿಯಲಿಲ್ಲ. ಆಮೇಲೆ ಆ ಮನೆ ಪಾಲಾಯಿತು; ಅಟ್ಟ ಇಳಿಸಿ ಮೇಲೆ ತಾರಸಿ ಹಾಕಿದರು. ನಾನು ಓದಿದ ಜಗಲಿ, ಅತ್ತೆ ನಿಲ್ಲುತ್ತಿದ್ದ ಅಂಗಳ ಯಾವುದೂ ಉಳಿಯಲಿಲ್ಲ.

ಅತ್ತೆ ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆ ಸೇರಿದ್ದಾಗ ದೊಡ್ಡಪ್ಪ ನೋಡಲು ಬಂದರು. ಮುದುಕರಾಗಿದ್ದರು. ಮಂಚದ ಪಕ್ಕ ಕೂತು, ಮನೆಗೆ ಬಾರವ್ವ ಎಂದು ಕರೆದರು. ಅತ್ತೆ ಗೋಡೆಯ ಕಡೆ ತಿರುಗಿಕೊಂಡರು. ಸಂಜೆ ನಾನು ದೊಡ್ಡಪ್ಪನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಬಾಣಾವರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತವರು ಕಂಬಿಗಳ ನಡುವಿಂದ ಕೇಳಿದರು, "ನಾನು ಹೊರಗೆ ಬಂದ್ಮ್ಯಾಲೆ ಏನಾರ ಅಂದ್ಲಾ?"

ಒಂದು ಸುಳ್ಳು ಸಾಕಿತ್ತು. ಆ ಕಣ್ಣುಗಳು ಅದನ್ನೇ ಬೇಡುತ್ತಿದ್ದವು.

"ಏನೂ ಅನ್ನಲಿಲ್ಲ ದೊಡ್ಡಪ್ಪ" ಎಂದೆ.

ಅವರು ತಲೆಯಾಡಿಸಿ ಎದುರು ಸೀಟಿನ ಬೆನ್ನು ನೋಡುತ್ತಾ ಕೂತರು. ಬಸ್ಸು ಹೊರಟಿತು. ಈಗ ಇಬ್ಬರೂ ಇಲ್ಲ. ಇವತ್ತು ಕೇಳಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಕೇಳುವವರು ಮಾತ್ರ ಯಾರೂ ಉಳಿದಿಲ್ಲ.