ಬಿರುಕಿನ ನಕಲು

ಗುಂಡ್ಲುಪೇಟೆಯಲ್ಲಿ ಹಳೆಯದನ್ನು ಹೊಸದು ಮಾಡುವವರಿಗೆ ಬರವಿಲ್ಲ. ಹೊಸದನ್ನು ಹಳೆಯದು ಮಾಡುವವನು ಮಾತ್ರ ಒಬ್ಬನೇ, ಊಟಿ ರಸ್ತೆಯ ತಗಡಿನ ಶೆಡ್ಡಿನ ದೊರೆಸ್ವಾಮಿ. ಊರವರು ಅವನನ್ನು ತುಕ್ಕು ದೊರೆ ಎನ್ನುತ್ತಿದ್ದರು. ಆ ಹೆಸರಿನ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ, ಒಳಗೊಳಗೇ ಖುಷಿಯೇ ಇತ್ತು.

ಮೂವತ್ತು ವರ್ಷ ಲಾರಿಗಳ ಕೆಳಗೆ ಮಲಗಿ ಎದ್ದ ಮನುಷ್ಯ. ಹಳೇ ಗಾಡಿಗಳ ಹುಚ್ಚಿನವರು ಮೈಸೂರಿನಿಂದ, ಕೇರಳದಿಂದ ಬರತೊಡಗಿದ ಮೇಲೆ ಈ ಕಸುಬು ಹಿಡಿದ. ಆ ಗಾಡಿಗಳ ಅಸಲಿ ಬಿಡಿಭಾಗ ಈಗ ಎಲ್ಲಿಯೂ ಇಲ್ಲ. ಅದೇ ಅಚ್ಚಿನಲ್ಲಿ ಹೊಸದಾಗಿ ಮಾಡಿದ್ದು ಸಿಗುತ್ತದೆ, ಆದರೆ ಹಾಕಿದರೆ ಹಳೇ ಪಂಚೆಗೆ ಹೊಸ ತೇಪೆ ಹಾಕಿದಂತೆ ಎದ್ದು ಕಾಣುತ್ತದೆ. ದೊರೆಸ್ವಾಮಿ ಅದನ್ನು ಹುಣಸೆ ನೀರಿನಲ್ಲಿ ನೆನೆಸಿ ಹೊಳಪು ತೆಗೆಯುವನು, ಉಪ್ಪು ಸವರಿ ಒದ್ದೆ ಗೋಣಿಯಲ್ಲಿ ನಾಲ್ಕು ದಿನ ಸುತ್ತಿಡುವನು, ಮೇಲೆ ಸುಟ್ಟ ಎಂಜಿನ್ ಆಯಿಲ್ಲು, ಕೆಮ್ಮಣ್ಣಿನ ಧೂಳು. ಐದನೇ ದಿನಕ್ಕೆ ಕಬ್ಬಿಣಕ್ಕೆ ಎಪ್ಪತ್ತು ವರ್ಷ ವಯಸ್ಸಾಗಿರುತ್ತಿತ್ತು.

ಹೆಂಡತಿ ನೀಲಾವತಿಗೆ ಇದು ಹಿಡಿಸುತ್ತಿರಲಿಲ್ಲ. "ಕಣ್ಣಿಗೆ ಮಣ್ಣೆರಚೋ ಕೆಲ್ಸ ಕಣ ಇದು. ಯಾವತ್ತೋ ಒಂದಿನ ನಿನ್ ಕಣ್ಣಿಗೇ ಬೀಳ್ತದೆ," ಎನ್ನುತ್ತಿದ್ದಳು.

ತೆರಕಣಾಂಬಿಯ ಮಲ್ಲೇಶ್ ತೀರಿಹೋದ ತಂದೆಯ ಜೀಪನ್ನು ಊಟಿಯ ಹಳೇ ಗಾಡಿಗಳ ಪ್ರದರ್ಶನಕ್ಕೆ ಒಯ್ಯಬೇಕೆಂದಿದ್ದ. ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಕಬ್ಬಿಣದ ತೋಳನ್ನು ಬಿಚ್ಚಿ ತಂದು ತೋರಿಸಿದ. ಅದರ ಬಾಗಿನಲ್ಲಿ ಕೂದಲೆಳೆಯಷ್ಟು ಗೆರೆಯಿತ್ತು. ದೊರೆಸ್ವಾಮಿ ಸ್ಪ್ಯಾನರಿನಿಂದ ಬಾರಿಸಿದ. ಒಡಕು ಮಡಕೆಯ ಸದ್ದು ಬಂತು.

"ಒಳಗೇ ಬಿರುಕು ಬಿಟ್ಬುಟ್ಟದೆ ಮಲ್ಲೇಶಪ್ಪೋರೆ. ಇದ ಆಕಂಡು ಘಾಟಿ ಅತ್ತಬ್ಯಾಡಿ. ತಿರುವಿನಲ್ಲಿ ಮುರುದ್ರೆ ಚಕ್ರ ನಿಮ್ ಮಾತು ಕೇಳಾಕಿಲ್ಲ."

ಮಲ್ಲೇಶ್ ಹೊಸ ತೋಳು ತರಿಸಿಕೊಟ್ಟ. ದೊರೆಸ್ವಾಮಿ ಹಳೆಯದನ್ನು ಮಾದರಿಗೆಂದು ಪಕ್ಕದಲ್ಲೇ ಇಟ್ಟುಕೊಂಡು ಅದರ ಒಂದೊಂದು ಗೀರನ್ನೂ ಹೊಸದಕ್ಕೆ ಇಳಿಸಿದ. ಬೇರೆ ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇವನು ಆ ಬಿರುಕಿನ ಗೆರೆಯನ್ನೂ ಸೂಜಿಯಲ್ಲಿ ಗೀಚಿ, ತುಕ್ಕು ತುಂಬಿದ. ಯಾರು ಕೇಳಿದ್ದರು ಅದನ್ನು? ಯಾರೂ ಇಲ್ಲ. ಕೈಗೆ ಕೊಬ್ಬು ಬಂದರೆ ಹೀಗೇ.

ಶುಕ್ರವಾರ ಸಂಜೆ ಮಲ್ಲೇಶ್ ಬಂದ. ಎರಡನ್ನೂ ನೋಡಿ ಬೆರಗಾದ. ಎರಡನ್ನೂ ಬೆನ್ನ ಹಿಂದೆ ಹಿಡಿದು ಅದಲುಬದಲು ಮಾಡಿ, ನಗುತ್ತ ಮುಂದೆ ಚಾಚಿದ.

"ಈಗ ನೀವೇ ಯೋಳಿ ದೊರೆಸ್ವಾಮಣ್ಣ, ಒಸ್ದು ಯಾವ್ದು?"

ದೊರೆಸ್ವಾಮಿಗೆ ತಿಳಿಯಲಿಲ್ಲ. ಸ್ಪ್ಯಾನರು ಕೈಗೆಟಕುವಷ್ಟು ದೂರದಲ್ಲೇ ಇತ್ತು. ಒಂದು ಸಲ ಬಾರಿಸಿದ್ದರೆ ಮುಗಿಯುತ್ತಿತ್ತು. ಆದರೆ ಮಾಡಿದವನೇ ಬಾರಿಸಿ ನೋಡುವುದೆಂದರೆ ಮಾನ ಹೋದಂತೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಲ್ಲೇಶನ ಬಲಗೈಯಲ್ಲಿದ್ದುದನ್ನು ತೋರಿಸಿಬಿಟ್ಟ. ಮಲ್ಲೇಶ್ ಎಡಗೈಯದನ್ನು ಬೆಂಚಿನ ಮೇಲಿಟ್ಟು, ಬಲಗೈಯದನ್ನು ಒಯ್ದ. ಬೆಳಿಗ್ಗೆ ತಾಯಿ ಪುಟ್ಟಬಸಮ್ಮನನ್ನೂ ಹೆಂಡತಿ ರೂಪಶ್ರೀಯನ್ನೂ ಕೂರಿಸಿಕೊಂಡು ಹೊರಡುವುದಾಗಿ ಹೇಳಿ ಹೋದ.

ಉಳಿದ ತೋಳನ್ನು ದೊರೆಸ್ವಾಮಿ ಬಾರಿಸಲಿಲ್ಲ. ಬಾರಿಸಿದರೆ ತಿಳಿದುಬಿಡುತ್ತದಲ್ಲ, ಅದೇ ಭಯ. ಗೋಣಿಯಲ್ಲಿ ಸುತ್ತಿ ಮೂಲೆಗಿಟ್ಟ. ಫೋನನ್ನು ಎರಡು ಸಲ ತೆಗೆದು ಎರಡು ಸಲವೂ ಇಟ್ಟ. ತೋರಿಸಿದ್ದು ಸರಿಯೇ ಇರಬೇಕು, ಮೂವತ್ತು ವರ್ಷದ ಕಣ್ಣು ಎಂದುಕೊಂಡ.

ಬೆಳಿಗ್ಗೆ ನೀಲಾವತಿ ಶೆಡ್ಡು ಗುಡಿಸುತ್ತ ಗೋಣಿ ಕೊಡವಿದಳು. ಒಳಗಿದ್ದುದು ಕಲ್ಲಿನ ಮೇಲೆ ಬಿತ್ತು. ಠಣ್ಣೆಂದು ತುಂಬಿದ ಸದ್ದು ಬಂತು, ಒಂದಿಷ್ಟೂ ಒಡಕಿಲ್ಲದ ಸದ್ದು.

ದೊರೆಸ್ವಾಮಿ ಫೋನಿಗೆ ಕೈಹಾಕಿದ. ಮಲ್ಲೇಶನ ಫೋನು ವ್ಯಾಪ್ತಿಯ ಹೊರಗಿತ್ತು. ತೋಳನ್ನು ಟವೆಲಿನಲ್ಲಿ ಸುತ್ತಿ ಬೈಕು ಹತ್ತಿದ. ಹಂಗಳ ದಾಟಿದ್ದೇ ಗೊತ್ತಾಗಲಿಲ್ಲ. ಕಾಡಿನ ಚೆಕ್‌ಪೋಸ್ಟಿನಲ್ಲಿ ಪರಿಚಯದ ಗಾರ್ಡು ಗುರುಮಲ್ಲಯ್ಯ ನಿಂತಿದ್ದ.

"ಜೀಪಾ? ಓಗಿ ಮುಕ್ಕಾಲು ಗಂಟೆ ಆಯ್ತು ಕಣ್ಲಾ. ಮಸಿನಗುಡಿ ಮೇಲಾಸಿ ಘಾಟಿ ಅತ್ತೀನಿ ಅಂದ್ರು."

ಮಸಿನಗುಡಿಯ ಆಚೆ ಊಟಿಯವರೆಗೆ ಕಡಿದಾದ ಮೂವತ್ತಾರು ತಿರುವು.

"ಮುಂದ್ಲ ಪೋಸ್ಟ್‌ಗೆ ವೈರ್‌ಲೆಸ್ ಮಾಡ್ಸು ಗುರುಮಲ್ಲಣ್ಣ, ತಡಿಯಾಕ್ ಯೋಳು. ಬಿರುಕು ಬಿಟ್ಟಿರೋ ಹಳೇದು ಓಗ್ಬುಟ್ಟದೆ. ಒಸ್ದು ಇಲ್ಲೇ ಉಳ್ಕಬುಟ್ಟದೆ."

ದೊರೆಸ್ವಾಮಿ ಟವೆಲು ಬಿಚ್ಚಿದ. ಗುರುಮಲ್ಲಯ್ಯ ಆ ತುಕ್ಕು ಕಬ್ಬಿಣವನ್ನೂ ಬಾಗಿನ ಗೆರೆಯನ್ನೂ ನೋಡಿದ. ಆಮೇಲೆ ಇವನ ಮುಖ ನೋಡಿದ.

"ಬಿರುಕು ಬಿಟ್ಟಿರೋದು ಇದಲ್ವೇನ್ಲಾ? ಒಸ್ದನ್ನೇ ಆಕವ್ರಲ್ಲ ಮತ್ತೆ. ಓಗು, ಟೀ ಕುಡ್ದು ಮನೇಗೋಗು."

ದೊರೆಸ್ವಾಮಿ ಅದನ್ನು ಕಟ್ಟೆಗೆ ಬಾರಿಸಿ ತೋರಿಸಿದ. ಕಬ್ಬಿಣ ಇನ್ನೆಂಗೆ ಸದ್ದು ಮಾಡ್ತದೆ ಎಂದು ಗುರುಮಲ್ಲಯ್ಯ ನಕ್ಕ. ಹಿಂದೆ ಕೇರಳದ ಲಾರಿಗಳು ಹಾರನ್ ಬಾರಿಸುತ್ತಿದ್ದವು. ದೊರೆಸ್ವಾಮಿ ಅಲ್ಲೇ ನೆಲದ ಮೇಲೆ ಕುಕ್ಕರಿಸಿ, ಟವೆಲಿನ ತುದಿಗೆ ಉಗುಳು ಹಚ್ಚಿ ತೋಳನ್ನು ಉಜ್ಜತೊಡಗಿದ. ತುಕ್ಕು ಬಿಡಲಿಲ್ಲ. ಬಿಡದಂತೆ ಹಿಡಿಸಿದವನು ಅವನೇ.